ಅಮಾವಾಸ್ಯೆಯ ನಂತರದ ಎರಡನೇ ರವಿವಾರ

ಜಡ್ಜ್ ಸಾಹೇಬರು ಬರೆಸಿದ ಹುಕುಮಿನಲ್ಲಿ ಇದ್ದದ್ದು ಇಷ್ಟು: ಕೂಸು ತಾಯಿಯ ಹತ್ತಿರ ಬಬಲೇಶ್ವರದಲ್ಲಿ ಇರತಕ್ಕದ್ದು, ಪ್ರತಿ ತಿಂಗಳು ಎರಡನೇ ರವಿವಾರ ಅದನ್ನು ತಿಕೋಟಾದಲ್ಲಿ ತಂದೆಗೆ ಮೂರು ತಾಸು ತೋರಿಸತಕ್ಕದ್ದು, ಒಯ್ಯುವುದು, ಮರಳಿ ತಂದುಬಿಡುವುದು ಕೋರ್ಟಿನ ಆಯಾಳ ಕೆಲಸ. ಆ ಆಯಾ ನಾನು. ಹುಕುಮು ಇಂಗ್ಲಿಷಿನಲ್ಲಿತ್ತು. ಶಿರಸ್ತೇದಾರರು ಅದನ್ನು ಕನ್ನಡದಲ್ಲಿ ಒಂದು ಸಲ ಓದಿ ಹೇಳಿ, ತಿಳಿಯಿತೇ ಎಂದು ಕೇಳಿದರು. ತಿಳಿಯಿತು ಎಂದೆ. ತಪ್ಪು ಅಲ್ಲಿಂದಲೇ ಶುರುವಾಯಿತು.

ಇದು ಎಮರ್ಜೆನ್ಸಿ ಬರುವ ನಾಲ್ಕೈದು ತಿಂಗಳು ಮೊದಲಿನ ಮಾತು. ವಿಜಯಪುರವನ್ನು ಆಗ ನಾವು ಬಿಜಾಪುರ ಎನ್ನುತ್ತಿದ್ದೆವು.

ಈ ಕೆಲಸ ನನ್ನ ಪಾಲಿಗೆ ಯಾಕೆ ಬಂತು ಎಂದರೆ, ಮೊದಲ ಸಲ ಕೂಸನ್ನು ಕೋರ್ಟಿನ ಪಡಸಾಲೆಯಲ್ಲೇ ತಂದೆಗೆ ತೋರಿಸಿದ್ದರು. ತಾಯಿಯ ಅಣ್ಣ ಒಂದು ಕೈ ಹಿಡಿದ, ತಂದೆ ಇನ್ನೊಂದು ಕೈ ಹಿಡಿದ. ಬಳೆ ಒಡೆದು ಕೂಸಿನ ಮುಂಗೈಯಲ್ಲಿ ರಕ್ತ ಬಂತು. ಹೆಣ್ಣುಕೂಸು, ಮೂರೂವರೆ ವರ್ಷದ್ದು. ನಾನು ನೀರಿನ ಕೊಡ ಇಳಿಸಿ, ಇಬ್ಬರಿಗೂ ಬಾಯಿಗೆ ಬಂದಂತೆ ಬೈದು, ಕೂಸನ್ನು ಎತ್ತಿಕೊಂಡು ಹೋದೆ. ಸಾಹೇಬರು ಕಿಟಕಿಯಿಂದ ನೋಡಿದ್ದರಂತೆ. ಬೈದದ್ದಕ್ಕೆ ಶಿಕ್ಷೆ ಆಗುತ್ತದೆ ಎಂದುಕೊಂಡಿದ್ದೆ. ಈ ಕೆಲಸ ಸಿಕ್ಕಿತು.

ಕೆಲಸದ ರೀತಿ ಹೀಗಿತ್ತು. ಬೆಳಗಿನ ಮೊದಲ ಬಸ್ಸಿಗೆ ಬಬಲೇಶ್ವರಕ್ಕೆ ಹೋಗುವುದು. ತಾಯಿಯಿಂದ ಚೀಟಿಯ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡು ಕೂಸನ್ನು ಕರೆದುಕೊಳ್ಳುವುದು. ಬಿಜಾಪುರದಲ್ಲಿ ಬಸ್ಸು ಬದಲಿಸಿ ತಿಕೋಟಾಕ್ಕೆ ಹೋಗುವುದು. ಅಲ್ಲಿ ಮೂರು ತಾಸು. ತಂದೆಗೆ ಸಹಿ ಮಾಡಲು ಬರುತ್ತಿತ್ತು, ಅವನ ಸಹಿ ತೆಗೆದುಕೊಳ್ಳುವುದು. ದೀಪ ಹಚ್ಚುವುದರೊಳಗೆ ಕೂಸನ್ನು ತಾಯಿಗೆ ಒಪ್ಪಿಸಿ ಇನ್ನೊಂದು ಹೆಬ್ಬೆಟ್ಟು. ಸೋಮವಾರ ಚೀಟಿ ಶಿರಸ್ತೇದಾರರ ಮೇಜಿಗೆ. ಶಾಯಿಯ ಡಬ್ಬಿ ನನ್ನ ಬುತ್ತಿಯ ಗಂಟಿನಲ್ಲೇ ಇರುತ್ತಿತ್ತು. ಒಮ್ಮೆ ಅದು ಸೋರಿ ರೊಟ್ಟಿಯೆಲ್ಲ ನೇರಳೆ ಬಣ್ಣವಾಯಿತು. ಹಾಗೇ ತಿಂದೆ.

ತಂದೆಯದು ತಿಕೋಟಾದಲ್ಲಿ ಸೈಕಲ್ ರಿಪೇರಿಯ ಅಂಗಡಿ. ಜೊತೆಗೆ ಒಂದು ಮೈಕ್ ಸೆಟ್ ಇಟ್ಟಿದ್ದ. ಮದುವೆಗೆ, ಮುಂಜಿಗೆ, ಪಾರ್ಟಿಯ ಸಭೆಗೆ ಬಾಡಿಗೆಗೆ ಕೊಡುತ್ತಿದ್ದ. ಸೈಕಲ್ ಮೇಲೆ ಮೈಕಿನ ಕಹಳೆ ಕಟ್ಟಿಕೊಂಡು ಕಳ್ಳಕವಟಗಿವರೆಗೂ ಕೂಗುತ್ತಾ ಹೋಗುತ್ತಿದ್ದ. ಗಂಡನಾಗಿ ಅವನು ಹೇಗಿದ್ದನೋ ನಾನು ಕೇಳಲಿಲ್ಲ. ಹೆಂಡತಿ ಬಿಟ್ಟು ಹೋಗಿದ್ದಳು ಎಂದರೆ ಚಲೋ ಇರಲಿಕ್ಕಿಲ್ಲ. ಮೊದಲ ರವಿವಾರ ಕೂಸು ನನ್ನ ಸೆರಗು ಬಿಡಲೇ ಇಲ್ಲ. ಅವನು ಹತ್ತಿರ ಬಂದರೆ ಚೀರುತ್ತಿತ್ತು. ಎರಡನೇ ಸಲ ಅವನು ಮೈಕಿನ ಮುಂದೆ ಕೂಡಿಸಿ, “ಏನರೆ ಅನ್ನವ್ವಾ” ಎಂದ. ಕೂಸು ಮೈಕಿಗೆ ಬಾಯಿ ಹಚ್ಚಿ, “ನನಗ ಒಂದಕ್ಕ ಬಂದೈತಿ” ಎಂದಿತು. ಅರ್ಧ ತಿಕೋಟಾಕ್ಕೆ ಕೇಳಿಸಿತು. ಓಣಿಯವರು ಬಿದ್ದು ಬಿದ್ದು ನಕ್ಕರು. ಅವತ್ತಿನಿಂದ ಅದು ಅವನಿಗೆ ಅಂಜಲಿಲ್ಲ.

ಹೀಗೆ ಐದು ಸಲ ಒಯ್ದು ಮರಳಿ ತಂದುಬಿಟ್ಟೆ. ಐದು ಚೀಟಿ ಆದವು. ಆಮೇಲೆ ದಿಲ್ಲಿಯಲ್ಲಿ ಎಮರ್ಜೆನ್ಸಿ ಎಂದರು.

ನನ್ನಂಥವಳಿಗೆ ಅದು ಮೊದಲು ಕಂಡದ್ದು ಗಡಿಯಾರದಲ್ಲಿ. ಹನ್ನೊಂದೂವರೆಗೆ ಬರುತ್ತಿದ್ದ ಗುಮಾಸ್ತರು ಹತ್ತಕ್ಕೇ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಚಹಾದಂಗಡಿಯಲ್ಲಿ ಪೇಪರ್ ಜೋರಾಗಿ ಓದುವುದು ನಿಂತಿತು. ಕೆಲಸದಲ್ಲಿ ತಪ್ಪಿದರೆ ಮನೆಗೆ ಕಳಿಸುತ್ತಾರೆ, ಕೇಳುವವರಿಲ್ಲ ಎಂಬ ಸುದ್ದಿ. ನನ್ನದು ಕಾಯಂ ಕೆಲಸವಲ್ಲ.

ಮುಂದಿನ ತಿಂಗಳ ಆ ರವಿವಾರ ಕೂಸನ್ನು ಕರೆದುಕೊಂಡು ತಿಕೋಟಾಕ್ಕೆ ಹೋದರೆ ಅಂಗಡಿಗೆ ಕೀಲಿ. ಪಕ್ಕದ ಮನೆಯ ಮುದುಕಿ ಹೊರಗೆ ಬಂದಳು.

“ಅವನ್ನ ಪೊಲೀಸರು ಒಯ್ದಾರ ಬೇ. ಮೀಸಾ ಕಾಯ್ದೆ ಅಂತ.”

“ಏನ್ ಮಾಡಿದ್ನಂತ?”

“ದಿಲ್ಲಿಯವರ ವಿರುದ್ಧ ಸಭಾ ಐತಿ ಬರ್ರಿ ಅಂತ ಮೈಕಿನಾಗ ಕೂಗಿದ್ನಂತ. ಮೂಕ ಇದ್ರ ಬಿಡ್ತಿದ್ರು ನೋಡು. ಮೈಕೂ ಒಯ್ದಾರ, ಸೈಕಲ್ಲೂ ಒಯ್ದಾರ.”

ಕೂಸಿಗೆ ನೀರು ಕುಡಿಸಿ, ಕಟ್ಟೆಯ ಮೇಲೆ ಮೂರು ತಾಸು ಕೂತೆ. ಹುಕುಮು ಮೂರು ತಾಸು ಎಂದಿತ್ತು, ಅದಕ್ಕೆ. ತಂದೆಯ ಸಹಿಯ ಜಾಗದಲ್ಲಿ ಏನು ಬರೆಯಬೇಕೆಂದು ತಿಳಿಯದೆ ಒಂದು ಗೀಟು ಎಳೆದೆ. ಮುಂದಿನ ಎರಡು ತಿಂಗಳೂ ಹೋದೆ. ಹೋಗಬೇಡ ಎಂದು ನನಗೆ ಯಾರೂ ಹೇಳಿರಲಿಲ್ಲ. ಎರಡೂ ಸಲ ಅದೇ ಕೀಲಿ, ಅದೇ ಗೀಟು.

ಮೂರನೆಯ ಗೀಟು ಬಿದ್ದ ಮೇಲೆ ತಾಯಿಯ ಅಣ್ಣನ ವಕೀಲ ಅರ್ಜಿ ಹಾಕಿದ. ತಂದೆ ಮೂರು ಸಲ ಸಿಕ್ಕಿಲ್ಲ, ಕೂಸನ್ನು ತೋರಿಸುವ ಹುಕುಮು ರದ್ದು ಮಾಡಿ ಎಂದು. ಅಷ್ಟೇ ಆಗಿದ್ದರೆ ಜೈಲಿನಲ್ಲಿದ್ದಾನೆ ಎಂದು ಹೇಳಬಹುದಿತ್ತು. ಆ ವಕೀಲ ಹಳೆಯ ಐದು ಚೀಟಿಗಳನ್ನೂ ತೆಗೆಸಿ ನೋಡಿದ್ದ. ಒಂದೂ ತಿಂಗಳ ಎರಡನೇ ರವಿವಾರದ್ದಲ್ಲ! ಹುಕುಮಿನ ಪ್ರಕಾರ ತಂದೆ ಮೊದಲಿನಿಂದಲೂ ಒಂದು ದಿನವೂ ಕೂಸನ್ನು ನೋಡಿಲ್ಲ, ಅವನಿಗೆ ಕೂಸು ಬೇಕಾಗಿಯೇ ಇಲ್ಲ ಎಂದು ಬರೆದಿದ್ದ.

ಶಿರಸ್ತೇದಾರರು ನನ್ನನ್ನು ಕರೆದರು. ಅವರು ನಮ್ಮ ಊರಿನವರೇ, ವಯಸ್ಸಾದ ಮುಸಲ್ಮಾನ ಗೃಹಸ್ಥರು. ಸಿಟ್ಟು ಬಂದರೆ ಟೊಪ್ಪಿಗೆ ತೆಗೆದು ಮೇಜಿನ ಮೇಲೆ ಇಡುವುದು ಅವರ ರೂಢಿ. ಟೊಪ್ಪಿಗೆ ಮೇಜಿನ ಮೇಲಿತ್ತು.

“ಯವ್ವಾ, ನೀ ಯಾವ ಲೆಕ್ಕದಾಗ ಹೋಗಿದ್ದಿ?”

“ಅಮಾಸಿ ಆದಮ್ಯಾಲ ಎರಡನೇ ಐತಾರ್ರಿ. ನೀವ ಹೇಳಿದ್ರೆಲ್ಲ, ತಿಂಗಳದ ಎರಡನೇ ಐತಾರ ಅಂತ.”

“ಅರೇ ಖುದಾ! ಸರಕಾರಕ್ಕ ಅಮಾಸಿ ಎಲ್ಲೈತಿ? ಸರಕಾರದ ತಿಂಗಳು ಒಂದನೇ ತಾರೀಖಿಗೆ ಶುರುವಾಕ್ಕೈತಿ!”

“ಹಂಗಾದ್ರ ಅವನೂ ಅಮಾಸಿ ಲೆಕ್ಕಕ್ಕ ಹಾದಿ ಕಾಯ್ಕೋಂತ ಕುಂತಿರ್ತಿದ್ನಲ್ರಿ.”

ನಮ್ಮ ಕಡೆ ತಿಂಗಳು ಅಂದರೆ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ. ಎತ್ತಿಗೆ ರಜೆ ಕೊಡುವುದು, ಮನೆ ಸಾರಿಸುವುದು, ಹೆರಿಗೆಯ ದಿನ ಎಣಿಸುವುದು ಎಲ್ಲ ಅದೇ ಲೆಕ್ಕ. ನಾನೂ ಹಾಗೆ ಎಣಿಸಿದೆ, ತಾಯಿಯೂ ಹಾಗೆ ಎಣಿಸಿದಳು, ತಂದೆಯೂ ಹಾಗೆ ಎಣಿಸಿದ. ಮೂವರ ಲೆಕ್ಕವೂ ಕೂಡಿಬಂದಿದ್ದರಿಂದ ತಪ್ಪಿದೆ ಎಂದು ಯಾರಿಗೂ ಗೊತ್ತಾಗಲಿಲ್ಲ.

“ನಾನೂ ಚೀಟಿ ನೋಡ್ದ ಫೈಲಿಗೆ ಹಾಕೇನಿ,” ಎಂದರು ಅವರು ತಗ್ಗಿದ ದನಿಯಲ್ಲಿ. “ನೀ ಸುಮ್ಕಿರು. ವಕೀಲ ನಿನ್ನ ಹೆಸರು ತಗದಿಲ್ಲ, ತಂದಿ ಮ್ಯಾಲ ಹಾಕ್ಯಾನ. ಇವು ಸಾದಾ ದಿನ ಅಲ್ಲವ್ವಾ. ಬಾಯಿ ತಗದ್ರ ನಿನ್ನ ಕೆಲಸ ಹೋಕ್ಕೈತಿ, ನಂದೂ ಹೋಗಬಹುದು.”

ತಪ್ಪು ನನ್ನದು, ಅದನ್ನು ಅವನ ತಲೆಗೆ ಕಟ್ಟಿದ್ದಕ್ಕೆ ನನಗೆ ಅನ್ನ ಇಳಿಯಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಅನ್ನ ಇಳಿಯಿತು. ನಿದ್ದೆಯೂ ಬಂತು. ಸುಮ್ಮನಿರುವುದೇ ಸೈ ಎಂದುಕೊಂಡಿದ್ದೆ. ಮರುದಿನ ನಾನು ಕಸ ಹೊಡೆಯುತ್ತಿದ್ದಾಗ ಆ ವಕೀಲ ಎದುರಿಗೆ ಬಂದು, “ಆಯಾ, ಭಾಳ ಶಾಣ್ಯಾಕಿ ಬಿಡು ನೀ. ನಾವು ಮಾಡಲಾರದ್ದು ನೀ ಮಾಡೀದಿ,” ಎಂದು ನಕ್ಕು ಹೋದ. ಆ ನಗೆ ನನಗೆ ನಾಟಿತು. ನನ್ನ ದಡ್ಡತನ ಒಬ್ಬನಿಗೆ ಶಾಣ್ಯಾತನವಾಗಿ ಕಂಡಿತು ಎಂದರೆ, ಇನ್ನೊಬ್ಬನಿಗೆ ಅದು ಏನಾಗಿರಬೇಕು? ಆ ಮನುಷ್ಯ ಐದು ತಿಂಗಳಲ್ಲಿ ಒಂದು ಸಲವೂ ತಪ್ಪಿಸಿರಲಿಲ್ಲ. ಕಸಬರಿಗೆ ಅಲ್ಲೇ ಇಟ್ಟು ಶಿರಸ್ತೇದಾರರ ಹತ್ತಿರ ಹೋಗಿ, “ನಾ ಸಾಹೇಬರ ಮುಂದ ಹೇಳ್ತೇನ್ರಿ. ನಿಮ್ಮ ಹೆಸರು ತಗಿಯೂದಿಲ್ಲ,” ಎಂದೆ.

ಅವರು ಟೊಪ್ಪಿಗೆ ತಲೆಗೆ ಹಾಕಿಕೊಂಡು, “ನಡಿ, ನಾನೂ ಬರ್ತೇನಿ,” ಎಂದರು. ಅವರು ಬರಬೇಕಾಗಿರಲಿಲ್ಲ. ಅವರ ಉಪಕಾರ ನಾನು ಮರೆತಿಲ್ಲ.

ಸಾಹೇಬರು ಮೈಸೂರು ಕಡೆಯವರು. ನಮ್ಮ ಮಾತು ಅವರಿಗೆ ಅರ್ಧ ತಿಳಿಯುತ್ತಿತ್ತು. ಅರ್ಜಿಯ ದಿನ ನಾನು ಮುಂದೆ ನಿಂತು, ದಿನ ತಪ್ಪಿದ್ದು ನನ್ನಿಂದ, ತಂದೆಯಿಂದಲ್ಲ ಎಂದು ಹೇಳಿದೆ. ಶಿರಸ್ತೇದಾರರು ತಾವು ಚೀಟಿ ತಾಳೆ ನೋಡಲಿಲ್ಲ ಎಂದು ತಾವೇ ಹೇಳಿದರು. ವಕೀಲ ಎದ್ದು, ತಂದೆ ದೇಶದ ವಿರುದ್ಧ ಕೂಗಿ ಒಳಗೆ ಹೋದವನು, ಅಂಥವನಿಗೆ ಕೂಸನ್ನು ಯಾಕೆ ತೋರಿಸಬೇಕು ಎಂದು ಜೋರು ಮಾಡಿದ. ಸಾಹೇಬರು ಕೈಯೆತ್ತಿ ಅವನನ್ನು ಕೂಡಿಸಿದರು.

“ನನ್ನ ಮುಂದೆ ಇರೋದು ಮಗುವಿನ ವಿಷಯ. ದೇಶದ ವಿಷಯ ಬೇರೆಯವರು ನೋಡಿಕೊಳ್ಳುತ್ತಿದ್ದಾರೆ.” ಆಮೇಲೆ ತಾಯಿಯ ಕಡೆ ತಿರುಗಿ, “ಆ ಐದು ದಿನ ಮಗುವನ್ನು ಕಳಿಸಿದ್ದೆಯೇನಮ್ಮ?” ಎಂದರು.

“ಕಳಸೇನ್ರಿ. ಅಮಾಸಿ ಆಗಿ ಎರಡನೇ ಐತಾರ ಅಂತ ನಾನೂ ಎಣಿಸಿಟ್ಟಿದ್ದೆ.”

ಸಾಹೇಬರು ಅಣ್ಣನನ್ನು ಕೇಳಿದರು, “ನೀವು ತಿಂಗಳನ್ನು ಹೇಗೆ ಎಣಿಸುತ್ತೀರಿ?” ವಕೀಲ ಕಣ್ಣಿನಲ್ಲೇ ಬೇಡ ಬೇಡ ಎಂದ. ಅಣ್ಣ ರೈತ, ಸುಳ್ಳು ಹೇಳಲು ತಯಾರಿ ಮಾಡಿಕೊಂಡು ಬಂದಿರಲಿಲ್ಲ. “ಅಮಾಸಿಗೇ ಎಣಸೂದ್ರಿ ಸಾಹೇಬ್ರ, ಮತ್ಯಾಂಗ ಎಣಸ್ತಾರ?” ಎಂದುಬಿಟ್ಟ. ಕೋರ್ಟೆಲ್ಲ ನಕ್ಕಿತು. ಸಾಹೇಬರೂ ನಕ್ಕರು. ಎಮರ್ಜೆನ್ಸಿ ಬಂದ ಮೇಲೆ ಅವರು ನಕ್ಕದ್ದನ್ನು ನಾನು ಅವತ್ತೇ ನೋಡಿದ್ದು.

ಅರ್ಜಿ ಬಿದ್ದುಹೋಯಿತು. ಹುಕುಮಿನಲ್ಲಿ ‘ಎರಡನೇ ರವಿವಾರ’ ಇದ್ದದ್ದನ್ನು ‘ಅಮಾವಾಸ್ಯೆಯ ನಂತರದ ಎರಡನೇ ರವಿವಾರ’ ಎಂದು ತಿದ್ದಿಸಿದರು. ‘ತಿಕೋಟಾದಲ್ಲಿ’ ಎಂಬುದನ್ನು ಹೊಡೆದು ‘ತಂದೆ ಇರುವ ಸ್ಥಳದಲ್ಲಿ’ ಎಂದು ಬರೆಸಿದರು. ನನ್ನ ಕಡೆ ನೋಡಿ, “ಜೈಲಿನ ಬಾಗಿಲು ನನ್ನ ಕೈಯಲ್ಲಿಲ್ಲ ಕಣಮ್ಮ. ನನ್ನ ಕೈಯಲ್ಲಿ ಇರೋದು ಇಷ್ಟೇ,” ಎಂದರು. ನನ್ನ ಕೆಲಸ ತೆಗೆಯಲಿಲ್ಲ. ಅವರು ಈಗ ಇಲ್ಲ. ಇದ್ದಷ್ಟು ದಿನ ನಾನು ಹಬ್ಬಕ್ಕೊಮ್ಮೆ ಶಿರಸ್ತೇದಾರರ ಕೈಯಿಂದ ಅವರಿಗೆ ಪತ್ರ ಬರೆಸುತ್ತಿದ್ದೆ.

ಕೂಸನ್ನು ಜೈಲಿಗೆ ಒಯ್ಯಬೇಕೆಂದರೆ ಕಲೆಕ್ಟರ ಕಚೇರಿಯ ಪರವಾನಗಿ ಬೇಕು. ಮೊದಲ ಸಲ ಹೋದರೆ ತಾಯಿಯ ಒಪ್ಪಿಗೆ ತಾ ಎಂದರು. ಬಬಲೇಶ್ವರಕ್ಕೆ ಹೋದೆ. ತಾಯಿ ರೊಟ್ಟಿ ಬಡಿಯುತ್ತಿದ್ದಳು. ಅಣ್ಣ ಬಾಗಿಲಲ್ಲೇ ಅಡ್ಡ ನಿಂತ.

“ಹೆಣ್ಣಕೂಸು ಜೈಲಿಗೆ ಒಯ್ತೀಯೇನು? ನಾಳೆ ಯಾರ ಮಾಡ್ಕೋತಾರ ಇದನ್ನ?”

“ನಾಕು ವರ್ಷದ ಕೂಸಿಗೆ ಈಗ ವರ ನೋಡಾಕತ್ತೀ ಏನಪಾ?”

“ನೀ ನಗಿ ಮಾಡಬ್ಯಾಡ ಆಯಿ. ಐದು ತುಂಬಿದ್ರ ಕಾಯ್ದೆ ಅವನ ಕಡೀಗೆ ತಿರಗತೈತಿ ಅಂತ ವಕೀಲ ಹೇಳ್ಯಾನ. ಇವತ್ತ ನೋಡ್ತೇನಿ ಅಂತಾನ, ನಾಳೆ ಒಯ್ತೇನಿ ಅಂತಾನ. ಇಕಿ ಸತ್ತೇ ಹೋಗ್ತಾಳ.”

ಅವತ್ತು ನನಗೆ ಅವನ ಮೇಲಿನ ಸಿಟ್ಟು ಇಳಿಯಿತು. ಅವನದು ಹಟವಲ್ಲ, ಅಂಜಿಕೆ. ನಾನು ತಾಯಿಯ ಕಡೆ ನೋಡಿದೆ. ಅವಳು ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಎದ್ದು ಬಂದಳು.

“ಅವನ ಕೂಡ ನಂದು ಬಾಳೇ ಆಗಲಿಲ್ಲಣ್ಣಾ. ಕೂಸಿಗೆ ಅಪ್ಪ ಬ್ಯಾಡ ಅಂತ ನಾ ಎಲ್ಲಿ ಅಂದೇನಿ? ತಾ ಆಯಿ, ಎಲ್ಲಿ ಒತ್ತಲಿ?”

ಒತ್ತಿದಳು. ಹೆಬ್ಬೆಟ್ಟಿನ ಗುರುತಿನಲ್ಲಿ ಜೋಳದ ಹಿಟ್ಟೂ ಅಂಟಿತ್ತು. ನಾನು ಯಾರಿಗಾದರೂ ಎಲ್ಲಕ್ಕಿಂತ ಹೆಚ್ಚು ಋಣಿಯಾಗಿದ್ದರೆ ಈ ಹೆಣ್ಣುಮಗಳಿಗೆ. ಅವಳಿಗೆ ಒತ್ತಲೇಬೇಕಾದ ಕಾರಣ ಒಂದೂ ಇರಲಿಲ್ಲ.

ಎರಡನೇ ಸಲ ಕೂಸಿನ ಫೋಟೋ ಬೇಕೆಂದರು. ಸ್ಟೇಷನ್ ರಸ್ತೆಯ ಸ್ಟುಡಿಯೋಕ್ಕೆ ಕರೆದೊಯ್ದರೆ ಕೂಸು ಕರಿ ಬಟ್ಟೆ ಹೊದ್ದ ಮನುಷ್ಯನನ್ನು ನೋಡಿ ಅಳತೊಡಗಿತು. ಕೊನೆಗೆ ನಾನೂ ಪಕ್ಕದಲ್ಲಿ ಕೂತೆ. ಆಮೇಲೆ ಕತ್ತರಿಯಿಂದ ನನ್ನನ್ನು ಕತ್ತರಿಸಿ ತೆಗೆದರು. ಕೂಸಿನ ಭುಜದ ಮೇಲೆ ನನ್ನ ನಾಲ್ಕು ಬೆರಳು ಹಾಗೇ ಉಳಿದವು. ಮೂರನೇ ಸಲಕ್ಕೆ ಪರವಾನಗಿ ಬಂತು.

ಜೈಲಿನಲ್ಲಿ ಬುತ್ತಿ ಬಿಚ್ಚಿ ನೋಡಿದರು, ರೊಟ್ಟಿ ಮುರಿದು ನೋಡಿದರು, ಕೂಸಿನ ಲಂಗದ ನೆರಿಗೆ ಬಿಡಿಸಿ ನೋಡಿದರು. ಒಂದು ಮೇಜು. ಆಚೆ ತಂದೆ, ಈಚೆ ನಾವು, ನಡುವೆ ಒಬ್ಬ ಪೊಲೀಸ್ ವಹಿ ಹಿಡಿದು ಕೂತಿದ್ದ. ಆಡಿದ್ದೆಲ್ಲ ಬರೆದುಕೊಳ್ಳುವುದು ಅವನ ಕೆಲಸ. ಅರ್ಧ ತಾಸು. ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದ ಮನುಷ್ಯನಿಗೆ ಅವತ್ತು ದನಿಯೇ ಹೊರಡಲಿಲ್ಲ. ಗಡ್ಡ ಬಿಟ್ಟಿದ್ದ. ಕೂಸೇ ಶುರು ಮಾಡಿತು.

“ನೀ ಮನಿಗಿ ಯಾಕ ಹೋಗೂದಿಲ್ಲ?”

“ಬಾಗಲಾ ಅವರು ತಗೀಬೇಕವ್ವಾ.”

ಪೊಲೀಸ್ ತಲೆಯೆತ್ತಿ, “ಇದನ್ನ ಬರೀಲೋ ಬಿಡ್ಲೋ?” ಎಂದು ತನಗೆ ತಾನೇ ಅಂದುಕೊಂಡ. ಕೂಸು ಅವನ ವಹಿಯ ಕಡೆ ಬಗ್ಗಿ, “ನನಗ ಹಲ್ಲ ಬಿದ್ದಾವ ಅಂತ ಬರಿ,” ಎಂದಿತು. ಹಲ್ಲು ಬಿದ್ದಿರಲಿಲ್ಲ. ಬೇರೆ ಕೂಸುಗಳದು ನೋಡಿ ಸುಳ್ಳು ಹೇಳಿತು. ತಂದೆ ನಕ್ಕ. ನಕ್ಕ ಮೇಲೆ ಮಾತು ಬಂತು.

ಹೊರಡುವಾಗ ಅವನಿಗೆ ಅಣ್ಣನ ಅಂಜಿಕೆಯ ವಿಷಯ ನೇರವಾಗಿ ಹೇಳಿದೆ. “ಹೊರಗ ಬಂದಮ್ಯಾಲ ಕೂಸು ಕಸ್ಕೋತೀ ಏನು? ಹಂಗಿದ್ರ ಈಗ ಹೇಳು, ನಾ ಸುಮ್ನ ಯಾಕ ತಿರಗಲಿ.”

“ಇಲ್ಲ ಆಯಿ. ತಾಯಿ ಬಿಡಿಸಿ ನಾ ಏನ್ ಮಾಡ್ಲಿ? ನೋಡಾಕ ಬಿಟ್ರ ಸಾಕು. ಬರದ ಕೊಡ್ತೇನಿ ಬೇಕಾದ್ರ.” ಪೊಲೀಸನಿಗೆ, “ಸಾಹೇಬ್ರ, ಇದನ್ನ ಖರೇನ ಬರಕೋರಿ,” ಎಂದ.

ಒಂದು ವರ್ಷಕ್ಕೂ ಮೇಲೆ ಹೀಗೆ ಹೋದೆ. ಕೆಲವು ತಿಂಗಳು ಪರವಾನಗಿ ಸಿಕ್ಕಿತು, ಕೆಲವು ತಿಂಗಳು ಸಿಗಲಿಲ್ಲ. ಸಿಗದಿದ್ದ ದಿನ ಜೈಲಿನವರಿಂದ ಹಾಗೆಂದು ಚೀಟಿಯ ಮೇಲೆ ಶಿಕ್ಕಾ ಹೊಡೆಸಿಕೊಂಡು ಬರುತ್ತಿದ್ದೆ. ಗೀಟು ಎಳೆಯುವುದನ್ನು ಬಿಟ್ಟಿದ್ದೆ.

ನಡುವೆ ಒಂದು ಬೇಸಿಗೆಯಲ್ಲಿ ದಿಲ್ಲಿಯಿಂದ ಮದುವೆಯ ಕಾಯ್ದೆಗೆ ತಿದ್ದುಪಡಿ ಬಂತು. ಶಿರಸ್ತೇದಾರರು ಓದಿ ಹೇಳಿದರು. ಗಂಡ ಹೆಂಡತಿ ಇಬ್ಬರೂ ಒಪ್ಪಿದರೆ ಒಬ್ಬರ ಮೇಲೊಬ್ಬರು ಕೆಸರು ಎರಚದೆ ಮದುವೆಯಿಂದ ಬಿಡುಗಡೆ ಪಡೆಯಬಹುದು. ವಿಚಾರಣೆ ಬಾಗಿಲು ಮುಚ್ಚಿ ಆಗಬೇಕು. ಅಲ್ಲಿಯವರೆಗೆ ಅಂಥ ಪ್ರಕರಣ ಇದ್ದ ದಿನ ಜನ ಬಯಲಾಟಕ್ಕೆ ಬಂದ ಹಾಗೆ ಬರುತ್ತಿದ್ದರು. ಅವನನ್ನು ಒಳಗೆ ಹಾಕಿದ್ದೂ ಅದೇ ದಿಲ್ಲಿ, ಈ ಬಾಗಿಲು ಮುಚ್ಚಿಸಿದ್ದೂ ಅದೇ ದಿಲ್ಲಿ. ಒಂದಕ್ಕೆ ಬೈಯುತ್ತೇನೆ, ಒಂದಕ್ಕೆ ಕೈ ಮುಗಿಯುತ್ತೇನೆ. ಎರಡನ್ನೂ ಕೂಡಿಸಿ ಕಳೆಯಲು ನನಗೆ ಬರುವುದಿಲ್ಲ.

ಇಬ್ಬರೂ ಒಪ್ಪಿದರು. ಅವನ ಸಹಿ ಜೈಲಿನಿಂದಲೇ ಬಂತು. ಕೂಸನ್ನು ಕೇಳುವುದಿಲ್ಲ, ನೋಡುವುದನ್ನು ತಪ್ಪಿಸಬಾರದು ಎಂದು ಅದರಲ್ಲಿ ಬರೆಸಿದ್ದ. ಆರು ತಿಂಗಳು ಕಾಯಬೇಕೆಂದು ಕಾಯ್ದೆ. ಕಾಯುತ್ತಿರುವಾಗಲೇ ಚುನಾವಣೆ ಎಂದು ರೇಡಿಯೋದಲ್ಲಿ ಹೇಳಿದರು. ಒಳಗಿದ್ದವರನ್ನು ಒಬ್ಬೊಬ್ಬರಾಗಿ ಬಿಡತೊಡಗಿದರು. ಅವನೂ ಹೊರಗೆ ಬಂದ. ಕೂಸಿಗೆ ಐದು ತುಂಬಿತ್ತು. ಕಡೆಯ ವಿಚಾರಣೆಗೆ ಅಣ್ಣ ಮೂರು ಜನ ಗಟ್ಟಿಮುಟ್ಟಾದವರನ್ನು ಕರೆದುಕೊಂಡು ಬಂದಿದ್ದ.

ಬಾಗಿಲು ಮುಚ್ಚಿದರು. ಹೊರಗೆ ನಾನು ಸ್ಟೂಲ್ ಹಾಕಿಕೊಂಡು ಕೂಸನ್ನು ಹಿಡಿದುಕೊಂಡು ಕೂತೆ. ಇಣುಕಲು ಬಂದವರಿಗೆ, “ಹೊಸಾ ಕಾಯ್ದೆ ಬಂದೈತಿ, ನಡೀರಿ ಮನಿಗಿ,” ಎಂದೆ. ಅರ್ಧ ತಾಸಿಗೆ ಬಾಗಿಲು ತೆರೆಯಿತು. ತಾಯಿ ಅಳುತ್ತಿರಲಿಲ್ಲ. ತಂದೆ ಬರೆದುಕೊಟ್ಟ ಮಾತಿನಿಂದ ಒಂದು ಅಕ್ಷರವೂ ಸರಿಯಲಿಲ್ಲವಂತೆ. ಶಿರಸ್ತೇದಾರರು ಹೊರಗೆ ಬಂದು ಹುಕುಮು ಹೇಳಿದರು: ಕೂಸು ತಾಯಿಯ ಹತ್ತಿರ, ತೋರಿಸುವುದು ಮೊದಲಿನ ಹಾಗೇ, ಆಯಾಳ ಕೆಲಸ ಮುಗಿಯಿತು, ಇಬ್ಬರೂ ತಾವೇ ನೋಡಿಕೊಳ್ಳುತ್ತೇವೆ ಎಂದಿದ್ದಾರೆ.

ತಂದೆ ಪಡಸಾಲೆಯಲ್ಲಿ ದೂರ ನಿಂತಿದ್ದ. ಹತ್ತಿರ ಬರಲಿಲ್ಲ. ಅಣ್ಣ ಆ ಮೂವರ ಕಡೆ ನೋಡಿದ, ಆಮೇಲೆ ನೆಲ ನೋಡಿದ.

“ಲೇ ಮೈಕಪ್ಪಾ, ಒಯ್ಯಿ ಇವತ್ತ. ಸಂಜಿ ಬಸ್ಸಿಗೆ ತಂದ ಬಿಡು.”

“ನಿಮ್ಮ ಮನೀಗೆ ನಾ ಬರ್ಲೇನು?”

“ಮತ್ತ ಯಾರ ಬರ್ತಾರ? ಬಾ. ಬಾಗಲದಾಗ ಯಾರೂ ನಿನ್ನ ಕಡಿಯೂದಿಲ್ಲ. ಬಂದ್ರ ಚಹಾ ಕುಡದು ಹೋಗು.”

ತಾಯಿ ಕೂಸಿನ ಜಡೆ ಬಿಚ್ಚಿ ಮತ್ತೆ ಬಿಗಿಯಾಗಿ ಹಾಕಿದಳು. ತಂದೆ ಕೈ ಚಾಚಿದ. ಕೂಸು ಅವನ ಒಂದು ಬೆರಳು ಹಿಡಿಯಿತು, ನನ್ನ ಕೈಯನ್ನೂ ಬಿಡಲಿಲ್ಲ. ಯಾವಾಗಲೂ ನಾನೇ ಜೊತೆಗೆ ಹೋಗುತ್ತಿದ್ದೆನಲ್ಲ, ಅದಕ್ಕೆ ಅಷ್ಟೇ ಗೊತ್ತು.

“ಆಯಿ, ನೀ ಬಾ.”

“ನನಗ ಕಸಾ ಹೊಡಿಯೂದೈತಿ,” ಎಂದು ಅದರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. “ಹೋಗು. ತಿಕೋಟಾ ಬಸ್ಸು ನಿಮ್ಮ ಸಲುವಾಗಿ ನಿಲ್ಲೂದಿಲ್ಲ.”